ಸ, ಶ, ಷ ಮತ್ತು ಕಾರಿನ ಸ್ಪೀಕರು

ಬದುಕೆಲ್ಲ ಕನ್ನಡ ವ್ಯಾಕರಣ ಹೇಳಿಕೊಟ್ಟ ಮಾಸ್ತರನೊಬ್ಬ ಕಾರಿನ ಸ್ಪೀಕರುಗಳ ಬಗ್ಗೆ ಅಭಿಪ್ರಾಯ ಹೇಳಲು ಹೊರಟರೆ ಓದುಗ ಮಿತ್ರರಿಗೆ ನಗು ಬರುವುದು ಸಹಜ. ಆರು ತಿಂಗಳ ಹಿಂದೆ ಯಾರಾದರೂ ಹೀಗೆ ಬರೆದಿದ್ದರೆ ನಾನೂ ನಗುತ್ತಿದ್ದೆ. ಕಾರಿಗೆ ಹೊಸ ಸ್ಪೀಕರು ಹಾಕಿಸುವುದು ಹುಡುಗರ ಶೋಕಿ, ದುಡ್ಡಿನ ದುಂದು ಎಂಬುದೇ ನನ್ನ ನಂಬಿಕೆಯಾಗಿತ್ತು. ಆ ನಂಬಿಕೆಯಲ್ಲಿ ಅರ್ಧ ಸುಳ್ಳೆಂದು ಈಗ ಒಪ್ಪಿಕೊಂಡಿದ್ದೇನೆ. ಉಳಿದರ್ಧ ಇನ್ನೂ ನಿಜವೆಂದೇ ನನ್ನ ವಾದ.

ನಮ್ಮ ಖಟಕ ಚಿಂಚೋಳಿಯಿಂದ ಭಾಲ್ಕಿಗೋ ಬೀದರಿಗೋ ಹೋಗುವಾಗ ಮಗನ ಸಣ್ಣ ಕಾರಿನಲ್ಲಿ ವಚನ ಗಾಯನ ಕೇಳುವುದು ನನ್ನ ಅಭ್ಯಾಸ. ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಈ ಮೂವರು ಇದ್ದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ಆದರೆ ಈಚೆಗೆ ರಾಗ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ವಚನದಲ್ಲಿ ಮಾತೇ ಹೋದರೆ ಉಳಿಯುವುದೇನು? ಹಾಗಾಗಿ ಗುಂಡಿ ತಿರುಗಿಸಿ ಧ್ವನಿ ಏರಿಸುತ್ತಿದ್ದೆ. ಒಂದು ದಿನ ಮಗ ಗಾಡಿ ನಿಲ್ಲಿಸಿಯೇ ಬಿಟ್ಟ. "ಅಪ್ಪಾ, ಆವಾಜ ಕಮ್ಮಿ ಮಾಡ್ರಿ. ಹಿಂದ ನೋಡ್ರಿ, ಕೂಸು ಕಿವಿ ಮುಚ್ಚಕೊಂಡದ" ಎಂದ. ತಿರುಗಿ ನೋಡಿದೆ. ನಾಲ್ಕು ವರ್ಷದ ಮೊಮ್ಮಗಳು ಎರಡೂ ಅಂಗೈಗಳಿಂದ ಕಿವಿ ಒತ್ತಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಳು. ನನ್ನ ವಚನಭಕ್ತಿ ಆ ಮಗುವಿಗೆ ಹಿಂಸೆಯಾಗಿತ್ತು.

ಆ ವಾರವೇ ಮಗ ಕಾಂಪೊನೆಂಟ್ ಸ್ಪೀಕರಿನ ಮಾತೆತ್ತಿದ. ನಾನು ಖಂಡತುಂಡವಾಗಿ ಬೇಡವೆಂದೆ. ಕಬ್ಬಿನ ಟ್ರ್ಯಾಕ್ಟರುಗಳ ಮೇಲೆ ಪೆಟ್ಟಿಗೆಯಂಥ ಸ್ಪೀಕರು ಕಟ್ಟಿಕೊಂಡು ಊರಿಗೆ ಊರೇ ನಡುಗುವಂತೆ ಹೋಗುವವರನ್ನೂ, ಮದುವೆಯ ಡಿಜೆ ಮುಂದೆ ಎದೆ ಹಿಡಿದುಕೊಂಡು ನಿಲ್ಲುವ ಮುದುಕರನ್ನೂ ಕಂಡವನು ನಾನು. ಆಗ ಅವನು ಹೇಳಿದ ಒಂದು ಮಾತು ನನ್ನನ್ನು ಯೋಚನೆಗೆ ಹಚ್ಚಿತು: "ಜೋರ್ ಮಾಡ್ಲಿಕ್ಕ ಅಲ್ಲಪ್ಪಾ, ಕಮ್ಮಿ ಇಟ್ರೂ ತಿಳಿಲಿ ಅಂತ."

ಜೋರು ಬೇರೆ, ಸ್ಪಷ್ಟ ಬೇರೆ. ತರಗತಿಯಲ್ಲಿ ಇದನ್ನು ನಾನೇ ಎಷ್ಟು ಸಲ ಹೇಳಿದ್ದೆ! ಕಂಠಪಾಠ ಒಪ್ಪಿಸುವಾಗ ಒದರುವ ಹುಡುಗನಿಗೆ, "ಒದರಬೇಡ, ಅಕ್ಷರ ಬಿಡಿಸಿ ಹೇಳು" ಎನ್ನುತ್ತಿದ್ದೆ. ಕನ್ನಡ, ಉರ್ದು, ಮರಾಠಿ, ತೆಲುಗು ಕೂಡಿ ಬಾಳುವ ಈ ಸೀಮೆಯಲ್ಲಿ ಸ ಮತ್ತು ಶ ಅದಲುಬದಲಾಗುವುದು ದಿನನಿತ್ಯದ ಸಂಗತಿ. ಷಕಾರವಂತೂ ಬರವಣಿಗೆಯಲ್ಲಿ ಮಾತ್ರ ಬದುಕಿದೆ, ನಾಲಗೆಯ ಮೇಲೆ ಅಪರೂಪ. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಸೀಮೆ ಇದು. ಇಲ್ಲಿ ಅಕ್ಷರದ ಸದ್ದನ್ನು ಕಾಯುವುದು ನಮಗೆ ಹಗುರವಾದ ವಿಷಯವಲ್ಲ.

ಸ್ವರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದೆ, ವ್ಯಂಜನಗಳ ಗುರುತು ಎತ್ತರದ ಕಂಪನಗಳಲ್ಲಿದೆ. ಶಕಾರದ ಸದ್ದು ಸೆಕೆಂಡಿಗೆ ಸುಮಾರು 2,500ರಿಂದ 4,000 ಕಂಪನಗಳ ಆಸುಪಾಸಿನಲ್ಲಿ ಬಲಗೊಂಡರೆ, ಸಕಾರದ್ದು ಅದಕ್ಕೂ ಮೇಲೆ, 5,000 ದಾಟಿದ ಕಡೆ. ನಮ್ಮ ಕಾಲದ ಮಧ್ಯಮ ತರಂಗದ ರೇಡಿಯೊ ಐದು ಸಾವಿರದ ಆಚೆಗಿನದನ್ನು ತಲುಪಿಸುತ್ತಲೇ ಇರಲಿಲ್ಲ. 1966ರಲ್ಲಿ ಗುಲಬರ್ಗಾ ಆಕಾಶವಾಣಿ ಶುರುವಾದ ಮೇಲೆ ನಾವು ಕೇಳಿದ ಕನ್ನಡವೆಲ್ಲ ಆ ಕಿರಿದಾದ ಬಾಗಿಲಿನಿಂದಲೇ ಬಂದದ್ದು. ಆಗ ಕಿವಿ ಎಳೆಯದು, ಬಿಟ್ಟುಹೋದದ್ದನ್ನು ಮನಸ್ಸು ತುಂಬಿಕೊಳ್ಳುತ್ತಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಎತ್ತರದ ಕಂಪನಗಳನ್ನೇ. ಆದ್ದರಿಂದಲೇ ಮುದುಕರು, "ಸದ್ದು ಕೇಳಿಸುತ್ತದೆ, ಏನಂದಿರೆಂದು ತಿಳಿಯುವುದಿಲ್ಲ" ಎನ್ನುವುದು.

ಇನ್ನು ಕಾಂಪೊನೆಂಟ್ ಸ್ಪೀಕರಿನ ಮರ್ಮ. ಕಡಿಮೆ ಬೆಲೆಯ ಕಾರುಗಳಲ್ಲಿ ಸಾಮಾನ್ಯವಾಗಿ ಬಾಗಿಲಿನ ತಳದಲ್ಲಿ ಒಂದೇ ಕಾಗದದ ಶಂಕು ಇರುತ್ತದೆ. ತಗ್ಗು, ಎತ್ತರ ಎಲ್ಲ ಸದ್ದನ್ನೂ ಅದೊಂದೇ ಹೊರಬೇಕು. ತಗ್ಗಿನ ಸದ್ದು ಎಲ್ಲ ಕಡೆ ಹರಡಿಕೊಳ್ಳುತ್ತದೆ. ಎತ್ತರದ್ದು ಬಾಣದಂತೆ ನೇರ ಹೋಗಿ, ಬಾಗಿಲ ಬುಡದಿಂದ ಹೊರಟು, ನಮ್ಮ ಮೊಣಕಾಲಿಗೂ ಆಸನದ ಮೆತ್ತೆಗೂ ಬಡಿದು ಅಲ್ಲೇ ಮುಗಿಯುತ್ತದೆ. ಕಾಂಪೊನೆಂಟ್ ಜೋಡಿಯಲ್ಲಿ ಕೆಲಸ ಹಂಚಿಕೆಯಾಗುತ್ತದೆ. ಆರೂವರೆ ಇಂಚಿನ ವೂಫರ್ ಬಾಗಿಲಲ್ಲೇ ಉಳಿಯುತ್ತದೆ. ಒಂದಿಂಚಿನ ಟ್ವೀಟರ್ ಮೇಲೆ, ಪಕ್ಕದ ಕನ್ನಡಿಯ ಒಳಮೂಲೆಯಲ್ಲಿ, ಕಿವಿಯ ಕಡೆ ಮುಖಮಾಡಿ ಕೂರುತ್ತದೆ. ನಡುವೆ ಕ್ರಾಸ್‌ಓವರ್ ಎಂಬ ಪುಟ್ಟ ಡಬ್ಬಿ. ಅದರೊಳಗಿನ ತಂತಿಯ ಸುರುಳಿ ತಗ್ಗಿನ ಸದ್ದನ್ನು ವೂಫರಿಗೂ, ಕೆಪಾಸಿಟರ್ ಎತ್ತರದ ಸದ್ದನ್ನು ಟ್ವೀಟರಿಗೂ ಬೇರ್ಪಡಿಸಿ ಕಳಿಸುತ್ತವೆ.

ಕೊನೆಗೆ ಒಪ್ಪಿದೆ. ಪಟ್ಟಣದ ಒಂದು ಅಂಗಡಿಯಲ್ಲಿ ಹಾಕಿಸಿಕೊಂಡು ಬಂದೆವು. ಮಾತು ಸ್ಪಷ್ಟವಾಗಿತ್ತು, ನಿಜ. ಆದರೆ ತಬಲಾದ ಬಾಯಾ ಮಾಯವಾಗಿತ್ತು! ತಂಬೂರಿ ತೆಳ್ಳಗೆ, ಹಾರ್ಮೋನಿಯಂ ತಗಡಿನಂತೆ. ಅಂಗಡಿಯವನು, ಇದಕ್ಕೆ ಆಂಪ್ಲಿಫೈಯರ್ ಬೇಕು, ಜೊತೆಗೊಂದು ಸಬ್‌ವೂಫರ್ ಬೇಕು ಎಂದ. ಮಗ ಜೇಬಿಗೆ ಕೈ ಹಾಕುವುದರಲ್ಲಿದ್ದ. ನನಗೆ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ತೋರಿಸುತ್ತಿದ್ದ ಪ್ರಯೋಗ ನೆನಪಿಗೆ ಬಂತು. ಮನೆಗೆ ಬಂದು ಬಾಗಿಲಿನ ಹೊದಿಕೆ ಬಿಚ್ಚಿಸಿ, ವೂಫರಿಗೆ ಬರುವ ತಂತಿಗಳನ್ನು ಸ್ಟೀರಿಯೊ ಹಿಂಭಾಗದಲ್ಲಿ ಬಿಡಿಸಿ, ಅವಕ್ಕೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಒಂದು ಕ್ಷಣ ಮುಟ್ಟಿಸಿದೆವು. ಧನ ತಂತಿಗೆ ಧನ ಮುಟ್ಟಿದರೆ ಶಂಕು ಹೊರಗೆ ನೆಗೆಯಬೇಕು. ಎಡಗಡೆಯದು ಹೊರಗೆ ನೆಗೆಯಿತು, ಬಲಗಡೆಯದು ಒಳಗೆ ಸರಿಯಿತು. ಬಲಗಡೆ ಧನ ಋಣ ಅದಲುಬದಲಾಗಿದ್ದವು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತಿತ್ತು. ಎರಡೂ ಕೂಡಿ ತಗ್ಗಿನ ಸದ್ದನ್ನು ಅಳಿಸಿಹಾಕುತ್ತಿದ್ದವು. ತಂತಿ ಬದಲಿಸಿದೆವು, ಬಾಯಾ ಮರಳಿತು. ಖರ್ಚು ಸೊನ್ನೆ.

ಆದ್ದರಿಂದ ಸ್ಪೀಕರು ಬದಲಿಸಬೇಕೆನ್ನುವವರಿಗೆ ನನ್ನ ಮಾತು ಇಷ್ಟು. ಮೊದಲ ದುಡ್ಡು ಬಾಗಿಲಿಗೆ. ಒಳತಗಡಿನ ದೊಡ್ಡ ತೂತುಗಳನ್ನು ಡ್ಯಾಂಪಿಂಗ್ ಹಾಳೆಯಿಂದ ಮುಚ್ಚಿಸಬೇಕು. ಇಲ್ಲವಾದರೆ ಶಂಕುವಿನ ಹಿಂದಿನ ಗಾಳಿ ಮುಂದಕ್ಕೆ ಸೋರಿ ಸದ್ದನ್ನು ತಿಂದುಹಾಕುತ್ತದೆ. ತಳದಲ್ಲಿ ಮಳೆನೀರು ಹೋಗುವ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಎರಡನೆಯ ದುಡ್ಡು ಮುಂದಿನ ಜೋಡಿಗೆ, ಹಿಂದಿನವನ್ನು ಇದ್ದಂತೆ ಬಿಡಿ. ಡಬ್ಬಿಯ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ, ಅದು ಕ್ಷಣಮಾತ್ರದ ಲೆಕ್ಕ. ಕಾರಿನ ಮಾಮೂಲಿ ಸ್ಟೀರಿಯೊ ಒಂದು ಸ್ಪೀಕರಿಗೆ ಸತತವಾಗಿ ಕೊಡಬಲ್ಲದ್ದು ಸುಮಾರು ಇಪ್ಪತ್ತು ವ್ಯಾಟ್. ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟು ಡೆಸಿಬಲ್ ಎಂದು ಕೇಳಿ. ಅದು ಮೂರು ಡೆಸಿಬಲ್ ಹೆಚ್ಚಿದ್ದರೆ ಅರ್ಧ ವಿದ್ಯುತ್ತಿನಲ್ಲಿ ಅಷ್ಟೇ ಸದ್ದು ಬರುತ್ತದೆ, ಆಂಪ್ಲಿಫೈಯರಿನ ಹಂಗು ಬೇಕಾಗುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಹೊಸ ಸ್ಪೀಕರು ಬಂದ ಮೊದಲ ದಿನ ಮೊಮ್ಮಗಳು, "ತಾತಾ, ಹಾಡು ಸುರು ಆಗೋಕ್ಕಿಂತ ಮೊದಲ ಸ್ಸ್ ಅಂತದ" ಎಂದಳು. ಹಳೆಯ ಧ್ವನಿಮುದ್ರಿಕೆಯ ಟೇಪಿನ ಸುಯ್ಯೆನ್ನುವ ಸದ್ದು ಅದು. ಮಗನಿಗೂ ಕೇಳಿಸಿತು. ಟ್ವೀಟರಿಗೆ ಕಿವಿ ಹಚ್ಚಿದರೂ ನನಗೆ ಕೇಳಿಸಲಿಲ್ಲ. ಅಂದೇ ನಾನು ಶ್ರವಣ ಪರೀಕ್ಷೆಗೆ ಹೋಗಬೇಕೆಂದು ನಿಶ್ಚಯಿಸಿದ್ದು. ಕಾಗದದ ಮೇಲೆ ನನ್ನ ಕಿವಿಯ ರೇಖೆ ಎರಡು ಸಾವಿರದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಬಾವಿಗೆ ಇಳಿದಂತೆ ಇಳಿದಿತ್ತು. ಸ್ಪೀಕರು ಎಷ್ಟೇ ಒಳ್ಳೆಯದಿದ್ದರೂ ಹೋದ ಕಿವಿಯನ್ನು ತಂದುಕೊಡದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈಗ ಶ್ರವಣಯಂತ್ರ ಧರಿಸುತ್ತೇನೆ. ಯಂತ್ರವೂ ಸ್ಪೀಕರೂ ಕೂಡಿ, ಹಳೆಯ ಧ್ವನಿಯ ಅರ್ಧದಷ್ಟರಲ್ಲಿ ವಚನದ ಮಾತು ತಿಳಿಯುತ್ತದೆ. ನನ್ನ ಕಿವಿಯದೇ ದೋಷವಿದ್ದಾಗ ನಾನು ವರ್ಷಗಟ್ಟಲೆ ಸ್ಟೀರಿಯೊದ ಗುಂಡಿ ತಿರುಗಿಸಿದೆ, ಅದರ ದಂಡವನ್ನು ಹಿಂದೆ ಕುಳಿತ ಮಗು ತೆತ್ತಿತು. ಈ ತಪ್ಪಿಗೆ ನಾನು ಯಾರನ್ನೂ ದೂರಲಾರೆ.

ನಮ್ಮ ಕಡೆಯ ಹುಡುಗರಿಗೆ ನನ್ನ ವಿನಂತಿಯೂ ಇದೇ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು, 90 ಆದರೆ ನಾಲ್ಕೇ ತಾಸು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000ದ ಶಬ್ದಮಾಲಿನ್ಯ ನಿಯಮಗಳು ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಕಾನೂನಿನ ಅಂಜಿಕೆ ಬೇಡ, ನಿಮ್ಮ ಕಿವಿಯ ಮೇಲಿನ ಕರುಣೆಯಾದರೂ ಇರಲಿ. ಸ್ಪಷ್ಟತೆಗಾಗಿ ಖರ್ಚು ಮಾಡುವವನನ್ನು ಇನ್ನು ನಾನು ದುಂದುಗಾರನೆನ್ನುವುದಿಲ್ಲ. ಜೋರಿಗಾಗಿ ಖರ್ಚು ಮಾಡುವವನು ಮಾತ್ರ ತನ್ನ ಮುಪ್ಪಿನ ಸಕಾರ ಶಕಾರಗಳನ್ನು ಇಂದೇ ಮಾರಿಕೊಳ್ಳುತ್ತಿದ್ದಾನೆ.

ಕಳೆದ ಭಾನುವಾರ ಭಾಲ್ಕಿಯಿಂದ ಮರಳುವಾಗ ಮೊಮ್ಮಗಳು ಹಿಂದಿನ ಆಸನದಲ್ಲಿ ಜಂಬಲದಿನ್ನಿಯವರ ಜೊತೆ ತಾನೂ ಗುನುಗುತ್ತಿದ್ದಳು. ಅಂಗೈಗಳು ಮಡಿಲಲ್ಲಿದ್ದವು. ಶಕಾರವನ್ನು ಇನ್ನೂ ಸಕಾರವಾಗಿಯೇ ಹೇಳುತ್ತಾಳೆ. ತಿದ್ದಲು ನನಗೆ ಸಮಯವಿದೆ, ಈಗ ಕೇಳಿಸುತ್ತದೆ ಕೂಡ.