ಹಲವು ಕೊರಳು, ಒಂದು ಪದ

ಗೃಹಸ್ಥರ ಮನೆಗಳಲ್ಲಿ ಸಂಗೀತವು ಎರಡು ಬಗೆಯಾಗಿ ವಾಸಿಸುತ್ತಿರುವುದು. ಬಲ್ಲವರು ಹಾಡಿದ್ದನ್ನು ಕೇಳಿ ತಲೆದೂಗುವುದೊಂದು. ಬಲ್ಲೆವೆಂಬ ಹಮ್ಮಿಲ್ಲದೆ ತಾವೇ ಹಾಡಿಕೊಳ್ಳುವುದು ಮತ್ತೊಂದು. ಮೊದಲನೆಯದರ ವಿಷಯವಾಗಿ ಬರೆಯುವವರು ಬಹಳ ಜನರಿದ್ದಾರೆ. ಎರಡನೆಯದರ ವಿಷಯವಾಗಿ ಬರೆಯುವವರು ವಿರಳ. ಬರೆದರೂ, ಕಾರ್ಯಕ್ರಮವು ಯಶಸ್ವಿಯಾಯಿತು, ಶ್ರೋತೃಗಳು ಭಕ್ತಿಸಾಗರದಲ್ಲಿ ಮುಳುಗಿದರು ಎಂದು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವರು. ಹಾಡಿದವರಿಗೆ ಇದರಿಂದ ಸಂತೋಷವಾದೀತು, ಪ್ರಯೋಜನವೇನೂ ಆಗದು. ನಾನೂ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ದನಿಗೂಡಿಸುವವನೇ ಆದುದರಿಂದ, ಮಸ್ಕಿಯಲ್ಲಿ ಈಚೆಗೆ ಕೇಳಿದ ಒಂದು ಗೋಷ್ಠಿಗಾಯನದ ವಿಷಯವಾಗಿ, ಕೇಳಿದ್ದನ್ನು ಕೇಳಿದಂತೆ ವಾಚಕರ ಮುಂದಿಡಬೇಕೆಂದಿರುವೆನು.

ಪುಷ್ಯ ಅಮಾವಾಸ್ಯೆಯು ಪುರಂದರದಾಸರ ಪುಣ್ಯದಿನ. ಅವರು ೧೫೬೪ರಲ್ಲಿ ಆ ದಿನ ದೇಹವಿಟ್ಟರೆಂದು ಸಂಪ್ರದಾಯವು ಹೇಳುವುದು. ಅಂದು ಕನ್ನಡ ನಾಡಿನ ಊರೂರುಗಳಲ್ಲಿ ಆರಾಧನೆಯು ನಡೆಯುವುದಾದರೂ ರಾಯಚೂರು ಜಿಲ್ಲೆಯಲ್ಲಿ ಅದಕ್ಕೊಂದು ವಿಶೇಷವಾದ ಸಲಿಗೆಯುಂಟು. ಯಾಕೆಂದರೆ ಇದು ದಾಸರ ಸೀಮೆ. ವಿಜಯದಾಸರ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ, ಅವರು ನೆಲೆಸಿದ ಮಾನವಿ, ಎಲ್ಲವೂ ಇಲ್ಲಿಯವೇ. ಲಿಂಗಸುಗೂರಿನವರಿಗಂತೂ ತಮ್ಮ ಊರಿನವರೇ ಆದ ಪ್ರಾಣೇಶದಾಸರಿದ್ದಾರೆ. ಇವರು ಜಗನ್ನಾಥದಾಸರ ಶಿಷ್ಯರು. ದೊಡ್ಡ ದಾಸರ ಪದಗಳನ್ನು ಎಲ್ಲ ಊರಿನವರೂ ಹಾಡುವರು. ಇವರ ಪದಗಳನ್ನು ಊರಿನವರು ಮರೆತರೆ ಹಾಡುವವರು ಕಡಿಮೆ. ಈ ಮಾತು ಮುಂದೆ ಪ್ರಯೋಜನಕ್ಕೆ ಬರುವುದು.

ಮಸ್ಕಿಯು ಲಿಂಗಸುಗೂರಿಗೂ ಸಿಂಧನೂರಿಗೂ ನಡುವಿನ ಊರು. ೧೯೧೫ರಲ್ಲಿ ಬಂಗಾರದ ಗಣಿಯ ಶೋಧಕ್ಕೆ ಬಂದ ಬೀಡನ್ ಎಂಬ ಇಂಜಿನಿಯರನು ಇಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಂಡುಹಿಡಿದನೆಂಬುದನ್ನು ವಾಚಕರು ಬಲ್ಲರು. ಎರಡೂ ಕಡೆಯವರಿಗೆ ದಾರಿ ಸಮವೆಂದು ಗೋಷ್ಠಿಯನ್ನು ಇಲ್ಲಿಯೇ ಇಟ್ಟಿದ್ದರು. ಮಸ್ಕಿಯ ಮಕ್ಕಳು, ಸಿಂಧನೂರಿನ ಗಂಡಸರು, ಲಿಂಗಸುಗೂರಿನ ಹೆಂಗಸರು, ಹೀಗೆ ಮೂರು ಮೇಳಗಳು. ಕಡೆಗೆ ಎಲ್ಲರೂ ಕೂಡಿ ಹಾಡತಕ್ಕದ್ದೆಂದು ಏರ್ಪಾಡು.

ಮಕ್ಕಳ ಹಾಡಿನ ವಿಷಯವಾಗಿ ಹೇಳಬೇಕಾದದ್ದು ಸ್ವಲ್ಪ. ಚೆನ್ನಾಗಿದ್ದಿತು. ಅಕ್ಷರಗಳು ಸ್ಪಷ್ಟವಾಗಿದ್ದವು. ಹಿಂದೆ ನಿಂತ ಇಬ್ಬರು ಹುಡುಗರು ಬಾಯಿಯನ್ನು ಮಾತ್ರ ತೆರೆಯುತ್ತಿದ್ದರೆಂಬುದು ನನ್ನ ಗುಮಾನಿ. ಆ ವಿದ್ಯೆಯು ದೊಡ್ಡವರ ಭಜನೆಯಲ್ಲಿಯೂ ಅಪರಿಚಿತವಲ್ಲ.

ಸಿಂಧನೂರಿನವರು ಹದಿನಾಲ್ಕು ಜನರಿದ್ದರು. ಅಭ್ಯಾಸವುಳ್ಳವರೆಂಬುದು ಮೊದಲನೆಯ ಆವರ್ತನದಲ್ಲಿಯೇ ತಿಳಿಯಿತು, ತಬಲೆಯವನು ತೂಕವರಿತವನು. ಆದರೆ ಹದಿನಾಲ್ಕು ಜನರು ಹಾಡಿದರೂ ನಮಗೆ ಕೇಳಿಸಿದ್ದು ಒಬ್ಬರ ದನಿ. ಧ್ವನಿವರ್ಧಕವು ಮುಂದೆ ಕುಳಿತವರೊಬ್ಬರ ಬಾಯಿಗೆ ನಾಲ್ಕು ಬೆರಳು ದೂರದಲ್ಲಿದ್ದಿತು. ಇನ್ನೊಂದು ಹಾರ್ಮೋನಿಯಮಿನ ಮೇಲೆ. ಉಳಿದ ಹದಿಮೂರು ಜನರು ತಮ್ಮ ದನಿಯು ತಮಗೇ ಕೇಳಿಸದೆ ಕೊರಳ ನರವುಬ್ಬಿಸಿ ಕೂಗುತ್ತಿದ್ದರು. ಇದು ಅವರ ದೋಷವಲ್ಲ. ಸುತ್ತಲೂ ಗದ್ದಲವಿದ್ದಾಗ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುವನೆಂಬುದನ್ನು ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯನು ೧೯೧೧ರಷ್ಟು ಹಿಂದೆಯೇ ತೋರಿಸಿಕೊಟ್ಟಿರುವನು. ದನಿಯೇರಿದಾಗ ಶ್ರುತಿಯೂ ಏರುವುದು, ಅಕ್ಷರಗಳು ಒಡೆಯುವುವು. ದಾಸರ ಪದದಲ್ಲಿ ಅಕ್ಷರವೊಡೆದ ಮೇಲೆ ಉಳಿಯುವುದೇನು?

ಮೇಳಗಾಯನದ ಸೊಗಸೇ ಬೇರೆ ಬಗೆಯದು. ಹದಿನಾಲ್ಕು ಕೊರಳುಗಳು ಒಂದೇ ಸ್ವರವನ್ನು ಹಿಡಿದಾಗ ಯಾವೆರಡೂ ಕೂದಲೆಳೆಯಷ್ಟು ಸರಿಯಾಗಿ ಹೊಂದುವುದಿಲ್ಲ. ಆ ಸಣ್ಣ ಸಣ್ಣ ವ್ಯತ್ಯಾಸಗಳೇ ಕೂಡಿ ದನಿಗೆ ದುಂಡುತನವನ್ನು ಕೊಡುವುವು. ಒಬ್ಬನೇ ಹಾಡಿದರೆ ಅಪಸ್ವರವೆನಿಸುವಂಥದು ಹತ್ತು ಜನರಲ್ಲಿ ಕರಗಿ ಹೋಗುವುದು. ನನ್ನಂಥ ಹವ್ಯಾಸಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಾವುದು? ಧ್ವನಿವರ್ಧಕವನ್ನು ಒಬ್ಬರ ಮುಂದಿಟ್ಟ ಕೂಡಲೆ ಮೇಳವು ಕಚೇರಿಯಾಗುವುದು, ಹದಿಮೂರು ಜನರು ಶ್ರೋತೃಗಳಾಗುವರು. ಇಡಲೇಬೇಕೆಂದಿದ್ದರೆ ಎಂಟು ಮೊಳ ದೂರದಲ್ಲಿ, ಎತ್ತರದಲ್ಲಿ ಒಂದನ್ನಿಡಲಿ. ಆದರೆ ಐವತ್ತು ಹೆಜ್ಜೆಗಳೂ ಇಲ್ಲದ ಆ ಮಂಟಪಕ್ಕೆ ಅದೂ ಬೇಕಾಗಿರಲಿಲ್ಲ.

ಮುಂದೆ ಕುಳಿತಿದ್ದ ಗಾಯಕರಿಗೆ ಭೀಮಸೇನ ಜೋಶಿಯವರ ಮೇಲೆ ಅಪಾರವಾದ ಭಕ್ತಿ. ೨೦೧೧ರಲ್ಲಿ ತೀರಿಕೊಂಡ ಆ ಮಹಾನುಭಾವರು ದಾಸರ ಪದಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಅದನ್ನು ಅಲ್ಲಗಳೆಯುವವನು ಕೃತಘ್ನನು. ಆದರೆ ಅವರು ಹಾಡಿದ್ದು ಒಬ್ಬರ ಕೊರಳಿಗೆ ತಕ್ಕ ಹಾಡು. ಆ ತಾನುಗಳನ್ನು ಹದಿನಾಲ್ಕು ಜನರು ಬೆನ್ನಟ್ಟಿದರೆ ತಾನು ಮುಂದೆ, ಮೇಳ ಹಿಂದೆ, ತಬಲೆಯವನು ಎರಡಕ್ಕೂ ನಡುವೆ.

ಹಾರ್ಮೋನಿಯಮಿನ ವಿಷಯವಾಗಿ ಎರಡು ಮಾತು. ೧೮೪೨ರಲ್ಲಿ ಪ್ಯಾರಿಸಿನ ದೆಬ್ಯಾಂ ಎಂಬವನು ಪೇಟೆಂಟು ಪಡೆದ ಈ ವಾದ್ಯವು ಕಲ್ಕತ್ತೆಯಲ್ಲಿ ಕೈಪೆಟ್ಟಿಗೆಯಾಗಿ ರೂಪ ಬದಲಿಸಿ ನಮ್ಮ ನಾಟಕಗಳಿಗೂ ಭಜನೆಗಳಿಗೂ ನುಗ್ಗಿತು. ಆಕಾಶವಾಣಿಯು ೧೯೪೦ರಲ್ಲಿ ಇದನ್ನು ಬಹಿಷ್ಕರಿಸಿ ಮೂವತ್ತು ವರ್ಷಗಳವರೆಗೆ ಹೊರಗಿಟ್ಟಿದ್ದಿತು. ಅಷ್ಟು ಕಾಠಿಣ್ಯವು ನನಗೆ ಸಮ್ಮತವಲ್ಲ. ಹೊಸಬರಿಗೆ ಸ್ವರದ ಊರುಗೋಲಾಗಿ ಅದು ಒಳ್ಳೆಯದೇ. ಆದರೂ ಎರಡು ಸ್ವರಗಳ ನಡುವಿನ ಜಾರುದಾರಿಯು ಅದರಲ್ಲಿಲ್ಲ. ಅದರ ಗಾಂಧಾರವು ತಂಬೂರಿಯ ಗಾಂಧಾರಕ್ಕಿಂತ ತುಸು ಏರಿಯೇ ಇರುವುದು. ಊರುಗೋಲನ್ನು ಯಾವಾಗ ಕೆಳಗಿಡಬೇಕೆಂಬುದು ತಿಳಿದಿದ್ದರೆ ಸಾಕು.

ಅದನ್ನು ತಿಳಿದವರು ಲಿಂಗಸುಗೂರಿನ ಹೆಂಗಸರು. ಇಪ್ಪತ್ತೆರಡು ಜನ, ಹದಿನೆಂಟರ ಹುಡುಗಿಯಿಂದ ಎಪ್ಪತ್ತು ದಾಟಿದ ಅಜ್ಜಿಯವರೆಗೆ. ಅವರ ಮೊದಲನೆಯ ಪದವು ಪುರಂದರದಾಸರದು. ಮೊಬೈಲಿನಲ್ಲಿ ಸಿಕ್ಕುವ ಪ್ರಸಿದ್ಧವಾದ ಧಾಟಿಯಲ್ಲಿ, ಹಾರ್ಮೋನಿಯಮಿನ ಬೆಂಬಲದಿಂದ, ತಪ್ಪಿಲ್ಲದೆ ಹಾಡಿದರು. ನಾನು ಅದನ್ನು ಆ ಸಂಜೆಯೇ ಮರೆತೆನು.

ಎರಡನೆಯದು ಪ್ರಾಣೇಶದಾಸರ ಪದ. ಇದರ ಧಾಟಿಯು ಆ ಅಜ್ಜಿಯೊಬ್ಬರಿಗೇ ಬರುವುದಂತೆ. ಅವರಿಗೆ ಅತ್ತೆಯವರಿಂದ ಬಂದದ್ದು. ಇದನ್ನು ಹಾಡುವ ವಿಷಯದಲ್ಲಿ ಮೇಳದೊಳಗೆ ತಕರಾರು ನಡೆದಿದ್ದಿತೆಂದು ಆಮೇಲೆ ತಿಳಿಯಿತು. ಅದೇ ಪದವನ್ನು ಹೊಸ ಚಾಲಿನಲ್ಲಿ ಕೂಡ್ರಿಸಿದರೆ ಕೇಳುವವರಿಗೆ ರುಚಿಸುವುದೆಂದು ಕಿರಿಯರು. ಹಾಗೆ ಹಾಡುವುದಾದರೆ ತಾನು ಮಸ್ಕಿಗೆ ಬರುವುದಿಲ್ಲವೆಂದು ಅಜ್ಜಿ. ಅಜ್ಜಿ ಗೆದ್ದರು. ಹಾರ್ಮೋನಿಯಮನ್ನು ಮುಚ್ಚಿದರು, ತಂಬೂರಿಯ ಶ್ರುತಿ, ಒಂದು ಜೊತೆ ತಾಳ. ಅಜ್ಜಿಯವರ ದನಿ ಈಗ ಬಿರುಕು ಬಿಟ್ಟಿದೆ, ಉಸಿರು ಸಾಲುವುದಿಲ್ಲ. ಅವರು ಚರಣದ ಒಂದೊಂದು ನುಡಿಯನ್ನು ಮಾತನಾಡಿದಷ್ಟೇ ಸಹಜವಾಗಿ ಹೇಳುವರು. ಉಸಿರು ತೀರುವ ಕಡೆಯಲ್ಲಿ ಇಪ್ಪತ್ತೊಂದು ಜನರು ಅದನ್ನು ಕೈಯಿಂದ ಇಸಕೊಂಡಂತೆ ಎತ್ತಿಕೊಳ್ಳುವರು. ರಾಗವಾವುದೆಂದು ನಾನು ಹೇಳಲಾರೆ. ಒಂದು ಕಡೆ ಕಲ್ಯಾಣಿಯ ನೆರಳು ಕಂಡಿತು, ಮರುಗಳಿಗೆಯಲ್ಲಿ ಅಲ್ಲವೆನಿಸಿತು. ಸ್ವರಗಳು ನುಡಿಯ ಹಿಂದೆ ನಡೆದವೇ ಹೊರತು ನುಡಿಯನ್ನು ಎಳೆದಾಡಲಿಲ್ಲ. ಅಂಕಿತದ ನುಡಿ ಬಂದಾಗ ಹೊರಗೆ ಚಪ್ಪಲಿ ಬಿಡುತ್ತಿದ್ದವರೂ ನಿಂತುಬಿಟ್ಟರು. ಪದವು ಮುಗಿದ ಮೇಲೆ ಚಪ್ಪಾಳೆ ಬೀಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಇದಾದ ಮೇಲೆ ಎಲ್ಲರೂ ಕೂಡಿ ಹಾಡಿದ ಪದವು ಕೆಟ್ಟಿತೆಂದು ಬರೆಯಲು ಸಂಕಟವಾಗುವುದು, ಆದರೆ ಕೆಟ್ಟಿತು. ಕಾರಣವು ಸರಳವಾದುದು. ಗಂಡಸರ ಷಡ್ಜವು ಸಾಮಾನ್ಯವಾಗಿ ಕರಿ ಒಂದರ ಸುತ್ತಮುತ್ತ. ಹೆಂಗಸರದು ಕರಿ ನಾಲ್ಕು ಅಥವಾ ಐದು. ಇಬ್ಬರಿಗೂ ಅನ್ಯಾಯವಾಗಬಾರದೆಂದು ನಡುವಿನ ಬಿಳಿ ಮೂರನ್ನು ಹಿಡಿದರು, ಇಬ್ಬರಿಗೂ ಅನ್ಯಾಯವಾಯಿತು. ಪಲ್ಲವಿಯು ಕೆಳಗಿಳಿದಾಗ ಹೆಂಗಸರ ದನಿಯು ಮುಳುಗಿತು, ಚರಣವು ತಾರಷಡ್ಜಕ್ಕೇರಿದಾಗ ಗಂಡಸರದು ಕಿರಿಚಿತು. ಮಕ್ಕಳು ತಮಗೆ ತೋಚಿದ ಕಡೆಗೆ ಹೋದರು. ಪಾಶ್ಚಾತ್ಯರ ಮೇಳಗಳಲ್ಲಿ ಪ್ರತಿಯೊಂದು ಬಗೆಯ ಕೊರಳಿಗೂ ಬೇರೆ ಬೇರೆ ಸ್ವರಪಂಕ್ತಿಯನ್ನು ರಚಿಸಿ ಈ ತೊಡಕನ್ನು ಬಿಡಿಸಿಕೊಂಡಿರುವರು. ನಮ್ಮದು ಏಕಸ್ವರದ ಪದ್ಧತಿ. ನಾವು ಬೇರೆ ದಾರಿಯನ್ನು ಹಿಡಿಯಬೇಕು. ಪಂಚಮವನ್ನು ಮೀರದ ಪಲ್ಲವಿಯುಳ್ಳ ಪದವನ್ನು ಆರಿಸಿಕೊಂಡರೆ, ಗಂಡಸರು ಕರಿ ಒಂದರಲ್ಲಿ, ಹೆಂಗಸರೂ ಮಕ್ಕಳೂ ಅದರ ಮೇಲಿನ ಸಪ್ತಕದಲ್ಲಿ, ಒಬ್ಬರಿಗೊಬ್ಬರು ತೊಡರದೆ ಹಾಡಬಹುದು. ಮೇಲೇರುವ ಚರಣಗಳನ್ನು ಗಂಡಸರ ಪೈಕಿ ಕೊರಳುಳ್ಳ ಇಬ್ಬರಿಗೆ ಬಿಟ್ಟುಕೊಡಬೇಕು.

ಇದೇನೂ ಹೊಸ ಉಪಾಯವಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಮೊಹರಮ್ಮಿನ ಕಾಲದಲ್ಲಿ ಹೋದವರಿಗೆ ಗೊತ್ತಿರುವುದು. ಅಲ್ಲಿ ಕರ್ಬಲೆಯ ಕತೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುವ ಮೇಳಗಳಿರುವುವು. ಹಿಂದೂಗಳೂ ಮುಸಲ್ಮಾನರೂ ಹೆಗಲಿಗೆ ಹೆಗಲು ಹಚ್ಚಿ ನಿಂತಿರುವರು. ಮುಂದಿನವರು ಒಂದು ನುಡಿಯನ್ನು ಹೇಳುವರು, ಹಿಂದಿನವರು ಅದನ್ನು ಮರಳಿಸುವರು. ಹೇಳುವವನಿಗೆ ವಿಶ್ರಾಂತಿ, ಕೇಳುವವನಿಗೆ ಅರ್ಥ. ಸಾವಿರ ಜನರ ಗದ್ದಲದಲ್ಲಿಯೂ ನುಡಿಯು ತಿಳಿಯುವುದು. ದಾಸರ ಭಜನೆಯವರು ಇದನ್ನು ಅವರಿಂದ ಕಡ ತರಬೇಕಾಗಿಲ್ಲ. ತಮ್ಮ ಅಜ್ಜಂದಿರ ಪದ್ಧತಿಯೂ ಇದೇ ಆಗಿದ್ದಿತು.

ಹೊರಡುವಾಗ ಲಿಂಗಸುಗೂರಿನ ಮೇಳದ ಕಿರಿಯರೊಬ್ಬರನ್ನು ಕೇಳಿದೆನು: ಅಜ್ಜಿಯವರ ಧಾಟಿಗಳನ್ನು ಯಾರಾದರೂ ಬರೆದಿಟ್ಟಿರುವರೇ ಎಂದು. ಹೊಸ ಚಾಲು ಬೇಕೆಂದು ಹಟ ಹಿಡಿದವರಲ್ಲಿ ಈಕೆಯೇ ಮೊದಲಿಗಳಂತೆ. ಸ್ವರಲಿಪಿಯನ್ನು ಬರೆಯಲು ಯತ್ನಿಸಿ ಬಿಟ್ಟುಬಿಟ್ಟೆವು, ಅಜ್ಜಿ ಒಂದು ಸಲ ಹಾಡಿದಂತೆ ಇನ್ನೊಂದು ಸಲ ಹಾಡುವುದಿಲ್ಲ ಎಂದಳು. ಆದುದರಿಂದ ಈಗ ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋಗಿ, ಒಂದೊಂದು ಪದವನ್ನು ಮೂರು ಸಲ ಹಾಡಿಸಿ, ಮೂರನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಿರುವಳಂತೆ. ಒಟ್ಟು ಹನ್ನೊಂದು ಪದಗಳು, ನಾಲ್ಕು ಆಗಿವೆ. ಐದನೆಯದರ ಮೂರನೆಯ ಚರಣವು ಅಜ್ಜಿಯವರಿಗೆ ನೆನಪಾಗುತ್ತಿಲ್ಲ, ಒಲೆಯ ಮುಂದೆ ಕುಳಿತಾಗ ತಾನಾಗಿ ಬರುವುದೆಂದು ಹೇಳಿರುವರು. ಹಾಗೆ ಬಂದೀತೆಂದು ಸೊಸೆಯು ಅಡಿಗೆಮನೆಯಲ್ಲಿಯೇ ಒಂದು ಮೊಬೈಲನ್ನು ಇಟ್ಟಿರುವಳಂತೆ.