ಲಗಾಮು ನಮ್ಮ ಕೈಗೂ ಬರಲಿ

ಕಲಾಸಿಪಾಳ್ಯದಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಕುದುರೆ ಎಂದರೆ ಮದುವೆ ಮೆರವಣಿಗೆ. ಜಟಕಾ ಗಾಡಿ ತಾತನ ಮಾತಿನಲ್ಲಷ್ಟೇ ಉಳಿದಿದೆ. ಕುದುರೆ ಸವಾರಿ ಸ್ಪರ್ಧೆಯ ಸುದ್ದಿ ಓದಿ ಹೇಳಿದರೆ ಗೆಳೆಯರು ‘ಅದು ದುಡ್ಡಿದ್ದವರ ಆಟ ಬಿಡೋ’ ಎನ್ನುತ್ತಾರೆ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ನಮ್ಮ ಊರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಈ ಕ್ರೀಡೆಯಲ್ಲಿ 1982ರ ನಂತರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ತಂಡಕ್ಕೂ ಬೆಳ್ಳಿ ಬಂತು. ಆ ತಂಡದಲ್ಲಿ ಸೇನೆಯ ಸವಾರರೂ ಇದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಿರ್ಜಾ 23ನೇ ಸ್ಥಾನ ಪಡೆದರು.

ಅಂಕಣದಲ್ಲಿ ಕುದುರೆಯ ಬೆಲೆಗೆ ಅಂಕವಿಲ್ಲ. ಡ್ರೆಸಾಜ್‌ನಲ್ಲಿ 60 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಗಂಡು, ಹೆಣ್ಣು ಒಂದೇ ಸ್ಪರ್ಧೆಯಲ್ಲಿ ಸೆಣಸುತ್ತಾರೆ. ಇದು ಇಂಗ್ಲಿಷ್ ಪದ್ಧತಿ: ಹಗುರವಾದ ಜೀನು, ಎರಡೂ ಕೈಯಲ್ಲಿ ಲಗಾಮು, ಕುದುರೆಯ ಬಾಯಿಯೊಂದಿಗೆ ಸದಾ ಸಂಪರ್ಕ. ಅಮೆರಿಕದ ವೆಸ್ಟರ್ನ್ ಪದ್ಧತಿ ದನ ಕಾಯುವವರ ದುಡಿಮೆಯಿಂದ ಬಂದದ್ದು. ಹಗ್ಗ ಸುತ್ತಲು ಜೀನಿನ ಮುಂದೆ ಕೊಂಬು, ಸಡಿಲ ಲಗಾಮು ಒಂದೇ ಕೈಯಲ್ಲಿ. ಅಲ್ಲಿನ ಕ್ವಾರ್ಟರ್ ಹಾರ್ಸ್ ಪ್ರದರ್ಶನಗಳಲ್ಲಿ ಒಂದೇ ಕುದುರೆಯನ್ನು ಎರಡೂ ಪದ್ಧತಿಗಳಲ್ಲಿ ಇಳಿಸುವವರಿದ್ದಾರೆ. ಜೀನು ಬದಲಾದ ಕೂಡಲೇ ಅದು ಬೇರೆಯೇ ಸನ್ನೆಗಳನ್ನು ಕೇಳಬೇಕು, ನಡಿಗೆ ಬದಲಿಸಬೇಕು. ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್‌ನಲ್ಲಿ ಸಂದರ್ಶನ ಎದುರಿಸುವವರಿಗೆ ಆ ಕುದುರೆಯ ಪಾಡು ಚೆನ್ನಾಗಿ ಅರ್ಥವಾದೀತು! ನಮ್ಮದೇ ಆದ ಆಟವೂ ಉಂಟು: ಓಡುವ ಕುದುರೆಯ ಮೇಲಿಂದ ಈಟಿಯಲ್ಲಿ ಗೂಟ ಕೀಳುವ ಟೆಂಟ್ ಪೆಗ್ಗಿಂಗ್. ಮೈಸೂರು ದಸರಾ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ಪೊಲೀಸರು ಅದನ್ನು ತೋರಿಸುತ್ತಾರೆ.

ಹಾಗಾದರೆ ಗೆಳೆಯರ ಮಾತಿನಲ್ಲಿ ನಾನು ಒಪ್ಪುವ ಅರ್ಧ ಯಾವುದು? ನಗರದ ಹೊರಗಿನ ಒಂದು ಸವಾರಿ ಶಾಲೆಗೆ ಫೋನ್ ಮಾಡಿ ಶುಲ್ಕ ವಿಚಾರಿಸಿದೆ. ತಿಂಗಳ ಮೊತ್ತ ನಮ್ಮ ಮನೆ ಬಾಡಿಗೆಯ ಹತ್ತಿರಕ್ಕೆ ಬಂತು. ಬಸ್ಸಿನ ಖರ್ಚು, ಬೂಟು, ಹೆಲ್ಮೆಟ್ ಬೇರೆ. ಲಾಯದಲ್ಲಿ ನಸುಕಿಗೆ ಎದ್ದು ಮೈ ಉಜ್ಜುವ, ಲಾಳ ಕಟ್ಟುವ ಹುಡುಗರು ಕುದುರೆಯ ಕಿವಿ ಅಲುಗಿದರೆ ಅದರ ಮನಸ್ಸು ಹೇಳಬಲ್ಲರು. ಆದರೆ ಸ್ಪರ್ಧೆಯ ದಿನ ಅವರು ಬೇಲಿಯಾಚೆ ನಿಂತಿರುತ್ತಾರೆ. ಪ್ರತಿಭೆ ಹುಡುಕಲು ಇದಕ್ಕಿಂತ ಹತ್ತಿರದ ಜಾಗ ಯಾವುದಿದೆ?

ದುಡ್ಡಿಲ್ಲದವರಿಗೆ ಬಾಗಿಲೇ ಇಲ್ಲವೆಂದಲ್ಲ. ಎನ್‌ಸಿಸಿಯಲ್ಲಿ ಕುದುರೆ ಸವಾರಿ ಕಲಿಸುವ ರಿಮೌಂಟ್ ಅಂಡ್ ವೆಟರ್ನರಿ ಘಟಕಗಳಿವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಒಂದಿದೆ. ಕೆಡೆಟ್‌ಗಳು ಗಣರಾಜ್ಯೋತ್ಸವ ಶಿಬಿರದ ಸವಾರಿ ಸ್ಪರ್ಧೆಗಳವರೆಗೂ ಹೋಗುತ್ತಾರೆ. ‘ಸಿ’ ಪ್ರಮಾಣಪತ್ರ ಸೇನಾ ನೇಮಕಾತಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಆದರೆ ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಇದರ ಒಂದು ಸಾಲನ್ನೂ ನಾನು ನೋಡಿಲ್ಲ.

ಇಂಥ ಘಟಕಗಳು ಇನ್ನಷ್ಟು ಬೇಕು, ಯಾವ ಕಾಲೇಜಿನವರಿಗಾದರೂ ಪ್ರವೇಶ ಸಿಗಬೇಕು. ಲಾಯದ ಕೆಲಸಗಾರರಿಗೂ ಲಾಳ ಕಟ್ಟುವವರಿಗೂ ಸರ್ಕಾರಿ ಕೌಶಲ ಪ್ರಮಾಣಪತ್ರ ಕೊಡಬೇಕು. ಅದಿದ್ದರೆ ಸಂಬಳದ ಮಾತಾಡುವಾಗ ಕೈಯಲ್ಲೊಂದು ಕಾಗದವಾದರೂ ಇರುತ್ತದೆ. ಬರುವ ಶೈಕ್ಷಣಿಕ ವರ್ಷಕ್ಕೆ ಎನ್‌ಸಿಸಿ ಆಯ್ಕೆ ನಡೆಯುವಾಗ ಕಾಲೇಜುಗಳು ಈ ಘಟಕದ ವಿವರವನ್ನೂ ಫಲಕಕ್ಕೆ ಹಾಕಲಿ. ಕಲಾಸಿಪಾಳ್ಯದಿಂದ ಹೆಬ್ಬಾಳಕ್ಕೆ ಬಸ್ ಹಿಡಿಯಲು ನಾವು ಸಿದ್ಧ.