ಬೀಸುಕಲ್ಲಿನ ಲಯಕ್ಕೆ ಯಾವ ಅಳತೆಗೋಲು?

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪರಿಸರದ ಜನಪದ ಗಾಯನದಲ್ಲಿ ತ್ರಿಪದಿಗೆ ಹಿರಿದಾದ ಸ್ಥಾನವಿದೆ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತ ಬಂದ ಈ ಪದಗಳನ್ನು ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿದ್ದಾರೆ. ಆದರೆ ಅಚ್ಚಿನಲ್ಲಿ ಉಳಿದದ್ದು ಬಹುಪಾಲು ಸಾಹಿತ್ಯವೇ ಹೊರತು ಹಾಡಿಕೆಯ ಕಾಲಪ್ರಮಾಣವಲ್ಲ. ಇಂದು ಧ್ವನಿಮುದ್ರಣವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಅಳೆದು ಕೊಡುತ್ತದೆ. ಅಳೆಯುವುದು ಅಗತ್ಯವೇ. ಪ್ರಶ್ನೆ ಇರುವುದು ಅಳತೆಗೋಲಿನ ಕುರಿತು.

ತ್ರಿಪದಿ ಅಂಶಗಣದ ಛಂದಸ್ಸು. ಇದೇ ಜಿಲ್ಲೆಯ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಅದು ಕಾಣಿಸಿಕೊಂಡಿದೆ. ಜೈನ ಛಂದಸ್ಸಿಗ ಜಯಕೀರ್ತಿ ಸಂಸ್ಕೃತದಲ್ಲಿ ರಚಿಸಿದ ‘ಛಂದೋನುಶಾಸನ’ದಲ್ಲಿ ಕನ್ನಡದ ಜಾತಿಗಳಿಗೆ ಪ್ರತ್ಯೇಕ ಅಧಿಕಾರವನ್ನೇ ಮೀಸಲಿಟ್ಟನು. ತ್ರಿಪದಿಯ 11 ಗಣಗಳಲ್ಲಿ 6 ಮತ್ತು 10ನೆಯವು ಬ್ರಹ್ಮಗಣ, ಉಳಿದವು ವಿಷ್ಣುಗಣ. ವಿಷ್ಣುಗಣಕ್ಕೆ 3 ಅಂಶ. ಮೊದಲ ಅಂಶದಲ್ಲಿ ಒಂದು ಗುರು ಇಲ್ಲವೆ ಎರಡು ಲಘು; ಉಳಿದೆರಡರಲ್ಲಿ ಲಘುವೂ ಬರಬಹುದು, ಗುರುವೂ ಬರಬಹುದು. ಹೀಗಾಗಿ ಬರಹದಲ್ಲಿ ಒಂದೇ ಗಣ 4ರಿಂದ 6 ಮಾತ್ರೆಗಳವರೆಗೆ ವ್ಯತ್ಯಾಸಗೊಳ್ಳುತ್ತದೆ. ಹಾಡುವಾಗ ಆ ಕೊರತೆಯನ್ನು ದನಿಯ ಎಳೆತ ತುಂಬುತ್ತದೆ. ಅಂಶವೆಂಬುದು ಕಂಠದಲ್ಲಿ ಹಿಗ್ಗಿ ಕುಗ್ಗುವ ಘಟಕ.

ಇಂತಹ ಹಾಡಿಕೆಯನ್ನು ಸಮಾನ ಅಂತರದ ಯಂತ್ರತಾಳಕ್ಕೆ ಹೊಂದಿಸಿ, ಹೊಂದದ್ದನ್ನು ‘ತಾಳ ತಪ್ಪಿತು’ ಎಂದು ಗುರುತಿಸುವುದು ಅನ್ಯಾಯ. ರಬಕವಿ-ಬನಹಟ್ಟಿಯ ನೇಕಾರರಿಗೆ ಕೈಮಗ್ಗದ ಸದ್ದಿಗೂ ವಿದ್ಯುತ್ ಮಗ್ಗದ ಸದ್ದಿಗೂ ಇರುವ ಭೇದವನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲನೆಯದು ಮನುಷ್ಯನ ಕೈಕಾಲಿನ ಲಯ. ಅದು ಒಂದೇ ಸಮನಾಗಿಲ್ಲವೆಂಬ ಕಾರಣಕ್ಕೆ ಅರಿವೆ ಕೆಡುವುದಿಲ್ಲ.

ಬೀಸುವ ಪದಕ್ಕೆ ಕಲ್ಲಿನ ಸುತ್ತೇ ತಾಳ. ಕಾಳಿನ ಗಟ್ಟಿತನ, ತೋಳಿನ ದಣಿವು ಆ ಸುತ್ತಿನ ವೇಗವನ್ನು ಬದಲಿಸುತ್ತವೆ. ಪದವೂ ಅದರೊಡನೆ ಸಾಗುತ್ತದೆ. ಆದ್ದರಿಂದ ಸಂಶೋಧಕರು ಒಬ್ಬಳೇ ಹಾಡುಗಾರ್ತಿಯ ಒಂದೇ ಪದವನ್ನು ಕಲ್ಲಿನ ಮುಂದೆ ಒಮ್ಮೆ, ವೇದಿಕೆಯ ಮೇಲೆ ಒಮ್ಮೆ ಮುದ್ರಿಸಿಕೊಳ್ಳಬೇಕು. ಸುತ್ತಿನ ಅವಧಿ, ಗಣದ ಅವಧಿ, ಎಳೆತದ ಸ್ಥಾನ ಇವು ಮೂರನ್ನೂ ಒಟ್ಟಿಗೆ ದಾಖಲಿಸಬೇಕು. ಆಗ ಅಂಕಿಗಳು ದೋಷವನ್ನು ತೋರುವ ಬದಲು ನಿಯಮವನ್ನು ತೋರುತ್ತವೆ.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಕಲ್ಲಿನ ಮುಂದೆ ಕುಳಿತು ಹಾಡಿದವರು ಈಗ ಮುಪ್ಪಿನಲ್ಲಿದ್ದಾರೆ. ಸಾಹಿತ್ಯವನ್ನು ಪುಸ್ತಕದಿಂದ ಕಲಿಯಬಹುದು. ಎಲ್ಲಿ ಎಳೆಯಬೇಕು, ಎಷ್ಟು ಎಳೆಯಬೇಕು ಎಂಬುದನ್ನು ಅವರಿಂದಲೇ ಕಲಿಯಬೇಕು. ಅಳತೆಯ ಕಾರ್ಯ ಅವರಿರುವಾಗಲೇ ನಡೆಯಲಿ.